ಎರೆ ಹೊಲದ ಹಸಿ: ಕರಿ ಮಣ್ಣನ್ನು ಅರಿತು ಬಳಸುವ ಬಗೆ

ವಿಜಯಪುರ ಸೀಮೆಯ ಎರೆ ಹೊಲಗಳಲ್ಲಿ ಬಿಳಿಜೋಳದ ಬಿತ್ತನೆ ನಡೆಯುವುದು ಮಳೆಗಾಲ ಬೆನ್ನು ತಿರುಗಿಸುವ ಹೊತ್ತಿನಲ್ಲಿ. ಉತ್ತರಿ ಮಳೆಗೆ ಕೂರಿಗೆ ಹೂಡುತ್ತಾರೆ. ಹಸ್ತ, ಚಿತ್ತಿ ಮಳೆಗಳಲ್ಲಿ ನಾಲ್ಕು ಹನಿ ಬಿದ್ದರೆ ಪುಣ್ಯ. ಆಮೇಲೆ ಫೆಬ್ರುವರಿಯಲ್ಲಿ ಕೊಯ್ಯುವ ತನಕ ಹೆಚ್ಚಿನ ವರ್ಷಗಳಲ್ಲಿ ಹೇಳಿಕೊಳ್ಳುವಂಥ ಮಳೆಯೇ ಇಲ್ಲ. ಆದರೂ ಜೋಳ ಆಳೆತ್ತರ ಬೆಳೆದು ತೆನೆ ಹಾಕುತ್ತದೆ, ಕಡಲೆ ಕಾಯಿ ಕಟ್ಟುತ್ತದೆ, ಕುಸುಬೆ ಹೂ ಬಿಡುತ್ತದೆ. ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ ಸುತ್ತಲಿನ ಹಸಿರೆಲ್ಲ ಮಣ್ಣು ಕೂಡಿಟ್ಟ ನೀರಿನಿಂದಲೇ ಬಂದದ್ದು.

ಎರೆ ಭೂಮಿಯ ಬಗ್ಗೆ ತಿಳಿಯಬೇಕಾದ ಮೊದಲ ಸಂಗತಿ ಇದು. ಇದು ನೀರನ್ನು ಇಟ್ಟುಕೊಳ್ಳುವ ಮಣ್ಣು. ಬೇಸಾಯವಾಗಲಿ, ಒಡ್ಡು ಹಾಕುವುದಾಗಲಿ, ಕಾಲುವೆ ನೀರು ಹಾಯಿಸುವುದಾಗಲಿ, ಮನೆಯ ಬುನಾದಿ ತೆಗೆಯುವುದಾಗಲಿ, ಈ ಮಣ್ಣಿನಲ್ಲಿ ಕೈಹಾಕುವ ಪ್ರತಿ ಕೆಲಸವೂ ಅದರೊಳಗಿನ ನೀರು ಎಷ್ಟು, ಯಾವಾಗ, ಎಲ್ಲಿ ಎಂಬುದರ ಮೇಲೆ ನಿಂತಿದೆ. ಹೊಸದಾಗಿ ಹೊಲ ಕೊಳ್ಳುವವರು, ಊರಿಗೆ ಮರಳಿ ಒಕ್ಕಲುತನ ಹಿಡಿಯುವವರು, ಹುಬ್ಬಳ್ಳಿ, ಗದಗ, ಕಲಬುರಗಿಯ ಹೊರವಲಯದಲ್ಲಿ ಸೈಟು ನೋಡುತ್ತಿರುವವರು ಇದನ್ನು ಅರಿತರೆ ಮುಂದಿನ ಎಷ್ಟೋ ನಷ್ಟ ತಪ್ಪುತ್ತದೆ.

ಕರಿ ಬಣ್ಣ ಎಲ್ಲಿಂದ ಬಂತು

ಬೆಳಗಾವಿಯ ಉತ್ತರ ಭಾಗ, ವಿಜಯಪುರ, ಕಲಬುರಗಿ ಮತ್ತು ಬೀದರ್ ಜಿಲ್ಲೆಗಳ ಬಹುಪಾಲು ದಖ್ಖನ್ ಪ್ರಸ್ಥಭೂಮಿಯ ಲಾವಾ ಹಾಸಿನ ಮೇಲಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಉಕ್ಕಿದ ಲಾವಾ ಪದರ ಪದರವಾಗಿ ಹರಡಿ ಕಪ್ಪು ಬಸಾಲ್ಟ್ ಕಲ್ಲಾಯಿತು. ಆ ಕಲ್ಲು ಶಿಥಿಲವಾಗಿ ಹುಟ್ಟಿದ್ದೇ ಅಲ್ಲಿನ ಎರೆ. ಆದರೆ ಎರೆ ಮಣ್ಣೆಲ್ಲ ಲಾವಾ ಕಲ್ಲಿನ ಮಗು ಎಂದುಕೊಳ್ಳುವಂತಿಲ್ಲ. ಗದಗ, ಧಾರವಾಡದ ಕಡೆ ಅದು ಹಳೆಯ ಶಿಸ್ಟ್ ಶಿಲೆಗಳಿಂದ ಬಂದಿದೆ. ಸೇಡಂ, ಚಿತ್ತಾಪುರದ ಕಡೆ ಸುಣ್ಣದಕಲ್ಲಿನ ಮೇಲಿದೆ. ರಾಯಚೂರು, ಬಳ್ಳಾರಿಯ ತಗ್ಗುಗಳಲ್ಲಿ ಅಡಿಯ ಕಲ್ಲು ನೈಸ್, ಗ್ರಾನೈಟ್ ಆಗಿದ್ದರೂ ಮೇಲಿನದು ಎರೆಯೇ. ಸುತ್ತಲ ದಿಬ್ಬಗಳಿಂದ ಸುಣ್ಣ, ಮೆಗ್ನೀಷಿಯಂ ತುಂಬಿದ ನೀರು ಇಳಿದು ತಗ್ಗಿನಲ್ಲಿ ನಿಂತಲ್ಲೆಲ್ಲ ಈ ಬಗೆಯ ಜೇಡಿ ಹುಟ್ಟಿಕೊಂಡಿದೆ.

ಅಂದರೆ ಕಲ್ಲಿನಷ್ಟೇ ಹವೆಯೂ ಮುಖ್ಯ. ವರ್ಷಕ್ಕೆ 500ರಿಂದ 800 ಮಿಲಿಮೀಟರ್ ಮಳೆ, ಆಮೇಲೆ ಏಳೆಂಟು ತಿಂಗಳ ಒಣ ಬಿಸಿಲು. ಇಂಥ ಕಡೆ ಸುಣ್ಣದ ಅಂಶ ತೊಳೆದು ಹೋಗದೆ ಮಣ್ಣಿನಲ್ಲೇ ಉಳಿಯುತ್ತದೆ. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿಯೂ ಅಡಿಯಲ್ಲಿರುವುದು ಇದೇ ಲಾವಾ ಕಲ್ಲು. ಅಲ್ಲಿಯ ಭಾರಿ ಮಳೆಗೆ ಸುಣ್ಣವೆಲ್ಲ ಬಸಿದು ಹೋಗಿ ಮೇಲ್ಪದರ ಕೆಂಪು ಜಂಬಿಟ್ಟಿಗೆಯಾಗಿದೆ. ಅದೇ ಕಲ್ಲು ಮಳೆ ಕಡಿಮೆಯಿರುವ ಬಯಲಿಗೆ ಬಂದಾಗ ಕರಿ ಎರೆಯಾಗಿದೆ.

ಬಣ್ಣ ನೋಡಿ ಮೋಸ ಹೋಗುವವರು ಬಹಳ. ಕಪ್ಪಾದ್ದರಿಂದ ಗೊಬ್ಬರದಂಶ ತುಂಬಿರಬೇಕು ಎಂಬ ನಂಬಿಕೆ ಬಲವಾಗಿದೆ. ಉಕ್ರೇನಿನ ಹುಲ್ಲುಗಾವಲಿನ ಕರಿ ಮಣ್ಣಿಗೆ ಆ ಮಾತು ಸರಿ, ನಮ್ಮ ಎರೆಗೆ ಸರಿಯಲ್ಲ. ನಮ್ಮ ಎರೆ ಹೊಲಗಳಲ್ಲಿ ಸಾವಯವ ಇಂಗಾಲ ಬಹುಮಟ್ಟಿಗೆ ಶೇ 0.5ಕ್ಕಿಂತ ಕಡಿಮೆ. ಇರುವ ಅಲ್ಪ ಜೀವಾಂಶ ಜೇಡಿಯ ಕಣಗಳಿಗೆ ಗಟ್ಟಿಯಾಗಿ ಅಂಟಿಕೊಂಡಿರುವುದರಿಂದ, ಜೊತೆಗೆ ಕಪ್ಪು ಖನಿಜಗಳಿರುವುದರಿಂದ ಮಣ್ಣು ಕರಿಯಾಗಿ ಕಾಣುತ್ತದೆ. ಆದ್ದರಿಂದ ಕೊಟ್ಟಿಗೆ ಗೊಬ್ಬರ ಹಾಕುವುದರಲ್ಲಿ ಎರೆ ಹೊಲಕ್ಕೆ ರಿಯಾಯಿತಿ ಬೇಡ.

ಉಬ್ಬುವ, ಬಿರಿಯುವ ಜೇಡಿ

ಎರೆಯ ಗುಟ್ಟೆಲ್ಲ ಅದರ ಜೇಡಿಯಲ್ಲಿದೆ. ತೂಕದಲ್ಲಿ ಶೇ 40ರಿಂದ 60, ಕೆಲವು ಕಡೆ ಅದಕ್ಕೂ ಹೆಚ್ಚು ಜೇಡಿ. ಅದರಲ್ಲೂ ಮಾಂಟ್‌ಮೊರಿಲೊನೈಟ್ ಎಂಬ ಬಗೆಯದು ಪ್ರಧಾನ. ಇದರ ಒಂದೊಂದು ಕಣವೂ ರೊಟ್ಟಿ ಪೇರಿಸಿಟ್ಟ ಹಾಗೆ ತೆಳು ಹಾಳೆಗಳ ಅಟ್ಟಿ. ನೀರು ಆ ಹಾಳೆಗಳ ನಡುವೆ ನುಗ್ಗಿದಾಗ ಅಟ್ಟಿ ಉಬ್ಬುತ್ತದೆ, ನೀರು ಆರಿದಾಗ ಕುಗ್ಗುತ್ತದೆ. ಏಪ್ರಿಲ್ ಹೊತ್ತಿಗೆ ಎರೆ ಹೊಲದಲ್ಲಿ ಅಂಗೈ ತೂರುವಷ್ಟು ಅಗಲದ ಬಿರುಕುಗಳು ಬಿಡುತ್ತವೆ. ಉದ್ದನೆಯ ಕೋಲು ಇಳಿಬಿಟ್ಟರೆ ಆಳವಾದ ಎರೆಯಲ್ಲಿ ಮೀಟರ್ ತನಕ ಹೋಗುವುದುಂಟು. ಮೇಲಿನ ಪುಡಿ ಮಣ್ಣು ಆ ಬಿರುಕಿಗೆ ಬೀಳುತ್ತದೆ. ಮಳೆ ಬಂದಾಗ ಒಳಗಿನದು ಉಬ್ಬಿ ಪಕ್ಕದ ಮಣ್ಣನ್ನು ಒತ್ತುತ್ತದೆ. ವರ್ಷ ವರ್ಷ ಹೀಗೆ ಒತ್ತಿ ಉಜ್ಜಿ ಅಡಿಯ ಹೆಂಟೆಗಳ ಮೈ ನಯವಾಗಿ ಹೊಳೆಯುತ್ತಿರುತ್ತದೆ. ಗುಂಡಿ ತೆಗೆದಾಗ ಇಂಥ ಓರೆಯಾದ ಹೊಳಪು ಮೈಗಳು ಕಂಡರೆ ಅದು ಅಪ್ಪಟ ಎರೆ ಎಂದು ನಿಶ್ಚಯಿಸಬಹುದು. ಮಣ್ಣು ವಿಜ್ಞಾನಿಗಳು ಇದನ್ನು ವರ್ಟಿಸಾಲ್ ವರ್ಗಕ್ಕೆ ಸೇರಿಸುತ್ತಾರೆ. ಸುಡಾನಿನ ಗೆಜಿರಾ, ಇಥಿಯೋಪಿಯಾದ ಎತ್ತರದ ಬಯಲುಗಳು, ಆಸ್ಟ್ರೇಲಿಯಾದ ಪೂರ್ವ ಭಾಗಗಳಲ್ಲಿಯೂ ಇದರ ಬಂಧುಗಳಿವೆ.

ನೀರಿನ ಲೆಕ್ಕ ಹೀಗಿದೆ. ಒಂದು ಮೀಟರ್ ಆಳದ ಒಳ್ಳೆಯ ಎರೆ, ಬೆಳೆ ಹೀರಿಕೊಳ್ಳಬಲ್ಲ ನೀರನ್ನು 150ರಿಂದ 200 ಮಿಲಿಮೀಟರಿನಷ್ಟು ಹಿಡಿದಿಡುತ್ತದೆ. 150 ಎಂದೇ ಇಟ್ಟುಕೊಂಡರೂ ಎಕರೆಗೆ ಆರು ಲಕ್ಷ ಲೀಟರ್. ಹಿಂಗಾರಿ ಜೋಳ ಬದುಕುವುದು ಈ ಗಂಟಿನ ಮೇಲೆ. ಆದರೆ ಇದೇ ಜೇಡಿ ನೀರನ್ನು ಬಿಡುವುದರಲ್ಲಿ ಜಿಗುಟು. ಒಣಗಿದ ಎರೆಯ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಜೇಡಿಯೇ ಅದನ್ನು ಬಿಗಿಹಿಡಿಯುತ್ತದೆ, ಬೇರಿಗೆ ಸಿಗುವುದು ಅತ್ಯಲ್ಪ. ಪಕ್ಕದ ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲದಲ್ಲಿ ಅದೇ ಹತ್ತು ಮಿಲಿಮೀಟರಿಗೆ ಪೈರು ನಗುತ್ತದೆ. ಮುಂಗಾರಿನಲ್ಲಿ ಮಸಾರಿಯವರು ಬಿತ್ತಿದರೆಂದು ಎರೆಯವರು ಅವಸರ ಮಾಡಬಾರದು ಎನ್ನುವ ಹಿರಿಯರ ಮಾತಿಗೆ ಈ ಕಾರಣವಿದೆ.

ನೀರು ಇಂಗುವ ರೀತಿಯೂ ಎರಡು ಬಗೆ. ಬಿರುಕು ತೆರೆದಿರುವಾಗ ಮೊದಲ ಮಳೆಯ ನೀರು ಧುಮುಕಿ ಒಳಸೇರುತ್ತದೆ. ನೆಲ ನೆಂದು ಬಿರುಕು ಮುಚ್ಚಿದ ಮೇಲೆ ಇಂಗುವ ವೇಗ ಗಂಟೆಗೆ ಒಂದು ಮಿಲಿಮೀಟರಿಗೂ ಕೆಳಗಿಳಿಯುತ್ತದೆ. ಆಮೇಲೆ ಬಿದ್ದದ್ದೆಲ್ಲ ಹರಿದು ಹೋಗುತ್ತದೆ, ಹೋಗುವಾಗ ಮೇಲ್ಮಣ್ಣನ್ನೂ ಒಯ್ಯುತ್ತದೆ. ಸೆಪ್ಟೆಂಬರಿನ ದೊಡ್ಡ ಮಳೆಗೆ ಉತ್ತರ ಕರ್ನಾಟಕದ ಹಳ್ಳಗಳು ರಾಡಿಯಾಗಿ ಹರಿಯುತ್ತವಲ್ಲ, ಅದು ನಮ್ಮ ಹೊಲಗಳ ಸತ್ವವೇ.

ನೆಲದ ಇಳಿಜಾರು ಓದುವುದು

ಎರೆ ಸೀಮೆ ದೂರದಿಂದ ಚಪ್ಪಟೆಯಾಗಿ ಕಂಡರೂ ನಡೆದು ನೋಡಿದರೆ ಉದ್ದನೆಯ ಅಲೆಗಳಾಗಿ ಏರಿಳಿಯುತ್ತದೆ. ದಿಬ್ಬದ ನೆತ್ತಿಯಲ್ಲಿ ಮಡ್ಡಿ: ಗೇಣು ಮಣ್ಣು, ಅದರಡಿ ಗರಸು ಅಥವಾ ಕಲ್ಲು. ಇಳಿಜಾರಿನ ನಡುವೆ ಎರಡು ಮೂರು ಅಡಿ ಆಳದ ಮಧ್ಯಮ ಎರೆ. ಹಳ್ಳದ ದಂಡೆಗೆ ಬಂದರೆ ಆಳೆತ್ತರ ಮಣ್ಣು. ವಿಜಯಪುರದ ಡೋಣಿ ನದಿಯ ದಂಡೆಯ ಎರೆ ಹೆಸರುವಾಸಿ. ಡೋಣಿ ಬೆಳೆದರೆ ಓಣಿ ತುಂಬ ಕಾಳು ಎಂದು ಆ ಕಡೆ ಜನ ಇಂದಿಗೂ ಆಡಿಕೊಳ್ಳುತ್ತಾರೆ. ಅದೇ ಡೋಣಿಯ ನೀರು ಉಪ್ಪು ಎಂಬುದನ್ನೂ ಮರೆಯಬಾರದು. ತಗ್ಗಿನ ಎರೆಗೆ ಮಣ್ಣು ಬಂದ ದಾರಿಯಲ್ಲೇ ಉಪ್ಪೂ ಬರುತ್ತದೆ.

ಹೊಲ ಕೊಳ್ಳುವವರು ಸರ್ವೆ ನಂಬರಿನ ಜೊತೆಗೆ ಈ ಇಳಿಜಾರನ್ನೂ ನೋಡಬೇಕು. ಒಂದೇ ಹೊಲದ ಮೇಲ್ತಲೆಯಲ್ಲಿ ತೊಗರಿ, ಸಜ್ಜೆ ಚೆನ್ನಾಗಿ ಬಂದರೆ ಕೆಳತಲೆಯಲ್ಲಿ ಕಡಲೆ, ಜೋಳ ಒಪ್ಪುತ್ತದೆ. ಗಿಡಮರಗಳೂ ಸುಳಿವು ಕೊಡುತ್ತವೆ. ಆಳ ಎರೆಯಲ್ಲಿ ಮರ ವಿರಳ. ಬಿರುಕು ಬಿಡುವ ನೆಲ ಎಳೆ ಬೇರುಗಳನ್ನು ಹರಿದು ಹಾಕುತ್ತದೆ. ಕರಿಜಾಲಿ, ಬೇವು, ಬನ್ನಿಯಂಥವು ತಡೆದುಕೊಳ್ಳುತ್ತವೆ. ಕರಿಕೆ ಹಬ್ಬಿದ ಹೊಲವಾದರೆ ಬೆಲೆ ಮಾತಾಡುವ ಮುನ್ನ ಯೋಚಿಸಿ. ಕರಿಕೆಯ ಬೇರು ಆಳಕ್ಕೆ ಇಳಿದಿರುತ್ತದೆ, ಬೇಸಿಗೆಯಲ್ಲಿ ಅಗೆದು ತೆಗೆಸುವ ಖರ್ಚು ಸಣ್ಣದಲ್ಲ.

ನಿಮ್ಮ ಮಣ್ಣನ್ನು ನೀವೇ ಪರೀಕ್ಷಿಸಿ

ಬೇಸಿಗೆಯಲ್ಲಿ ಹೊಲದ ಮೇಲೆ, ನಡುವೆ, ಕೆಳಗೆ ಎದೆಮಟ್ಟದ ಗುಂಡಿ ತೆಗೆಸಿ. ಎಷ್ಟು ಆಳಕ್ಕೆ ಗರಸು ಸಿಕ್ಕಿತು, ಬಿರುಕು ಎಲ್ಲಿಯವರೆಗೆ ಹೋಗಿದೆ, ಹಸಿ ಎಲ್ಲಿಂದ ಶುರುವಾಗುತ್ತದೆ ಎಂದು ಗುರುತು ಹಾಕಿಕೊಳ್ಳಿ. ಬಿಳಿಯ ಸುಣ್ಣದ ಹರಳುಗಳು ಸಿಗುತ್ತವೆ. ಅವುಗಳ ಮೇಲೆ ಲಿಂಬೆರಸ ಹಿಂಡಿದರೆ ನೊರೆ ಬರುತ್ತದೆ. ಹರಳು ಮೇಲ್ಪದರದಲ್ಲೇ ಹೇರಳವಾಗಿದ್ದರೆ ರಂಜಕ, ಸತು, ಕಬ್ಬಿಣದ ಕೊರತೆ ಕಾಣುವುದು ಖಾತ್ರಿ ಎನ್ನಬಹುದು. ಎರೆಯ ರಸಸಾರ ಸಾಮಾನ್ಯವಾಗಿ 7.5ರಿಂದ 8.8ರ ನಡುವೆ ಇರುವುದರಿಂದ ಈ ಪೋಷಕಾಂಶಗಳು ಮಣ್ಣಿನಲ್ಲಿದ್ದರೂ ಬೇರಿಗೆ ದಕ್ಕುವುದಿಲ್ಲ. ಪೊಟ್ಯಾಷ್ ಮಾತ್ರ ಸಾಮಾನ್ಯವಾಗಿ ಧಾರಾಳ. ಆದ್ದರಿಂದ ಪರೀಕ್ಷೆ ಮಾಡಿಸದೆ ಮೂರೂ ಸೇರಿದ ಗೊಬ್ಬರದ ಚೀಲವನ್ನೇ ಪ್ರತಿ ವರ್ಷ ಸುರಿಯುವುದು ವ್ಯರ್ಥ ಖರ್ಚು.

ಇನ್ನೊಂದು ಪರೀಕ್ಷೆ ಬಹಳ ಉಪಯುಕ್ತ, ಆದರೆ ಕಡಿಮೆ ಜನ ಮಾಡುತ್ತಾರೆ. ಕಡಲೆಕಾಳಿನಷ್ಟು ದೊಡ್ಡ ಒಣ ಹೆಂಟೆಯನ್ನು ಗಾಜಿನ ಲೋಟದ ಮಳೆನೀರಿಗೆ ಮೆಲ್ಲಗೆ ಬಿಡಿ, ಅಲುಗಾಡಿಸಬೇಡಿ. ಅದು ಪುಡಿಯಾಗಿ ತಳದಲ್ಲಿ ಕೂತು ನೀರು ತಿಳಿಯಾಗಿಯೇ ಉಳಿದರೆ ಮಣ್ಣು ಆರೋಗ್ಯವಾಗಿದೆ. ಹೆಂಟೆಯ ಸುತ್ತ ಹಾಲಿನಂಥ ಮಬ್ಬು ಹಬ್ಬಿದರೆ ಸೋಡಿಯಂ ಸೇರಿಕೊಂಡಿದೆ ಎಂದು ಅರ್ಥ, ಆ ಹೊಲವನ್ನು ಪ್ರಯೋಗಾಲಯಕ್ಕೆ ತೋರಿಸಲೇಬೇಕು. ನಮ್ಮ ಹಿರಿಯರು ಮಾಳಿಗೆ ಮನೆಯ ಮೇಲ್ಮುದ್ದೆಗೆ ಹುಡುಕಿ ತರುತ್ತಿದ್ದ ಕರಲು ಮಣ್ಣು ಈ ಬಗೆಯದೇ. ನೆಂದೊಡನೆ ಕದಡಿ ಸಂದುಗಳನ್ನು ಮುಚ್ಚಿ ನೀರು ಸೋರದಂತೆ ಮಾಡುವ ಗುಣ ಛಾವಣಿಗೆ ವರ, ಹೊಲಕ್ಕೆ ಶಾಪ.

ಹಸಿ ಕೂಡಿಡುವ ಕೆಲಸ

ಎರೆಗೆ ಕಬ್ಬಿಣ ತಾಗಿಸಲು ವರ್ಷದಲ್ಲಿ ಸಿಗುವ ದಿನಗಳು ಕಡಿಮೆ. ಒಣಗಿದರೆ ಕಲ್ಲು, ನೆಂದರೆ ಅಂಟು. ಹೆಂಟೆ ಕೈಯಲ್ಲಿ ಹಿಸುಕಿದಾಗ ಅಂಟದೆ ಪುಡಿಯಾಗುವ ಹದದಲ್ಲೇ ಕುಂಟೆ ಹೊಡೆಯಬೇಕು. ಹಸಿ ನೆಲದಲ್ಲಿ ಭಾರದ ಟ್ರ್ಯಾಕ್ಟರ್ ಇಳಿಸಿದರೆ ಅಡಿಯಲ್ಲಿ ಗಟ್ಟಿ ಪದರ ಕೂರುತ್ತದೆ, ಅದು ಮುಂದಿನ ಹಂಗಾಮಿಗೂ ಬಾಧಿಸುತ್ತದೆ. ಬಾಡಿಗೆ ಟ್ರ್ಯಾಕ್ಟರ್ ಸಿಕ್ಕ ದಿನವೇ ಉಳುಮೆ ಎನ್ನುವ ಈಗಿನ ಪರಿಪಾಠ ಎರೆ ಹೊಲಗಳಿಗೆ ಮಾಡುತ್ತಿರುವ ಹಾನಿ ದೊಡ್ಡದು ಎಂಬುದು ನನ್ನ ಖಚಿತ ಅಭಿಪ್ರಾಯ.

ಒಣಬೇಸಾಯದ ಸಂಶೋಧನೆ ಈ ಸೀಮೆಗೆ ಹೊಸದಲ್ಲ. 1930ರ ದಶಕದಲ್ಲೇ ಆಗಿನ ಬಿಜಾಪುರ, ರಾಯಚೂರು, ಹಗರಿ ಮತ್ತು ಸೊಲ್ಲಾಪುರಗಳಲ್ಲಿ ಅದಕ್ಕಾಗಿ ಕೇಂದ್ರಗಳು ಶುರುವಾದವು. ಅಲ್ಲಿಂದ ಇಲ್ಲಿಯತನಕ ಬಂದ ಸಲಹೆಗಳಲ್ಲಿ ಹಿಂಗಾರಿ ಹೊಲಕ್ಕೆ ಅತಿ ಸರಳವೂ ಅಗ್ಗವೂ ಆದದ್ದು ಚೌಕು ಮಡಿ. ಜೂನ್, ಜುಲೈ ಹೊತ್ತಿಗೆ ಹರಗಿದ ಹೊಲದಲ್ಲಿ ಗೇಣಿಗೂ ಕಡಿಮೆ ಎತ್ತರದ ಬದುಗಳಿಂದ 3ರಿಂದ 4.5 ಮೀಟರಿನ ಚೌಕಗಳನ್ನು ಮಾಡಿ ಬಿಡುವುದು. ಬಿದ್ದ ಮಳೆ ಬಿದ್ದಲ್ಲೇ ನಿಂತು ಇಂಗುತ್ತದೆ. ಸೆಪ್ಟೆಂಬರಿನಲ್ಲಿ ಕುಂಟೆ ಹೊಡೆದು ಚೌಕಗಳನ್ನು ಅಳಿಸಿ ಬಿತ್ತುತ್ತಾರೆ. ಇನ್ನೊಂದು ವಿಧಾನದಲ್ಲಿ ನಾಲ್ಕೈದು ಮೀಟರಿಗೊಂದರಂತೆ ಅಡಿಗಿಂತ ಹೆಚ್ಚು ಆಳದ ಸಣ್ಣ ಕಾಲುವೆ ತೋಡಿ, ಜೋಳದ ಕೂಳೆಗಳನ್ನು ನೆಟ್ಟಗೆ ತುಂಬುತ್ತಾರೆ. ಕೂಳೆಯ ತುದಿ ನೆಲದ ಮೇಲೆ ಇಣುಕುತ್ತಿರಬೇಕು. ಬಿರುಕು ಮುಚ್ಚಿದ ಮೇಲೂ ಆ ದಾರಿಯಿಂದ ನೀರು ಆಳಕ್ಕೆ ಇಳಿಯುತ್ತದೆ.

ಒಡ್ಡಿನ ವಿಷಯದಲ್ಲಿ ಎಚ್ಚರ ಬೇಕು. ಮಸಾರಿಗೆ ಹೊಂದುವ ಸಮಪಾತಳಿ ಒಡ್ಡು ಆಳ ಎರೆಯಲ್ಲಿ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಒಡ್ಡೇ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಅಲ್ಲೇ ಕೊರೆದು ಒಡೆಯುತ್ತದೆ, ಒಡೆಯದಿದ್ದರೆ ನೀರು ನಿಂತು ಬೆಳೆ ಹಳದಿಯಾಗುತ್ತದೆ. ತುಸು ಇಳಿಜಾರು ಕೊಟ್ಟ ಒಡ್ಡು ಹಾಕಿ, ಹೆಚ್ಚಿನ ನೀರು ಹೊರಗೆ ಹೋಗುವಲ್ಲಿ ಕಲ್ಲಿನ ಕೋಡಿ ಕಟ್ಟುವುದು ಸರಿಯಾದ ಕ್ರಮ. ಕೋಡಿಯ ನೀರನ್ನು ಕೃಷಿ ಹೊಂಡಕ್ಕೆ ತಿರುಗಿಸಬಹುದು. ಆಳ ಎರೆಯ ಹೊಂಡಕ್ಕೆ ಪ್ಲಾಸ್ಟಿಕ್ ಹಾಸಿನ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ, ಆದರೆ ಬದಿಗಳನ್ನು ನೆಟ್ಟಗೆ ಕಡಿಯದೆ ಚೆನ್ನಾಗಿ ಓರೆಯಾಗಿ ಇಳಿಸಬೇಕು. ಇಲ್ಲವಾದರೆ ಮೊದಲ ಮಳೆಗೇ ಕುಸಿಯುತ್ತವೆ.

ಮಳೆ ಹೆಚ್ಚಿರುವ ಬೀದರ್, ಕಲಬುರಗಿಯ ಮುಂಗಾರಿ ತೊಗರಿ, ಸೋಯಾ ಹೊಲಗಳಲ್ಲಿ ತೊಂದರೆ ಇದಕ್ಕೆ ತಿರುಗುಮುರುಗು. ಅಲ್ಲಿ ನೀರು ನಿಲ್ಲಬಾರದು. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ 1972ರಲ್ಲಿ ಆರಂಭವಾದ ಇಕ್ರಿಸ್ಯಾಟ್ ಸಂಸ್ಥೆ ಇಂಥ ಮಣ್ಣಿಗಾಗಿಯೇ ಅಗಲ ಏರುಮಡಿ ಪದ್ಧತಿಯನ್ನು ರೂಪಿಸಿತು. ಸುಮಾರು ಮೂರೂವರೆ ಅಡಿ ಅಗಲದ ಮಡಿ, ಪಕ್ಕಕ್ಕೆ ಒಂದೂವರೆ ಅಡಿಯ ಹರಿ. ಬೇರು ಮಡಿಯ ಮೇಲೆ ಉಸಿರಾಡುತ್ತದೆ, ಹೆಚ್ಚಿನ ನೀರು ಹರಿಯಲ್ಲಿ ನಿಧಾನವಾಗಿ ಹೋಗುತ್ತದೆ.

ಹಿಂಗಾರಿ ಬಿತ್ತಿದ ಮೇಲೆ ಎಡೆ ಹೊಡೆಯುವುದನ್ನು ಕಸ ತೆಗೆಯುವ ಕೆಲಸ ಎಂದಷ್ಟೇ ತಿಳಿಯಬೇಡಿ. ಸಾಲಿನ ನಡುವೆ ಬಿರುಕು ತೆರೆದುಕೊಂಡರೆ ಅಡಿಯ ಹಸಿ ಆ ಬಾಯಿಂದ ಆರಿ ಹೋಗುತ್ತದೆ. ಎಡೆಕುಂಟೆಯಿಂದ ಎದ್ದ ಪುಡಿ ಮಣ್ಣು ಬಿರುಕನ್ನು ಮುಚ್ಚಿ ಹಸಿ ಕಾಯುತ್ತದೆ. ಕಸವಿಲ್ಲದ ಹೊಲದಲ್ಲಿಯೂ ಎರಡು ಮೂರು ಬಾರಿ ಎಡೆ ಹೊಡೆಸುವ ಹಳಬರ ರೂಢಿಯನ್ನು ಬಿಡಬಾರದು. ಬಿತ್ತನೆಯನ್ನು ಅಕ್ಟೋಬರ್ ಮೊದಲ ವಾರ ದಾಟಿಸಬೇಡಿ. ತಡವಾದಷ್ಟೂ ಕಾಳು ತುಂಬುವ ಹೊತ್ತಿಗೆ ಹಸಿ ತೀರಿ ಜೋಳದ ಕಾಂಡ ಕೊಳೆತು ನೆಲಕ್ಕೊರಗುತ್ತದೆ.

ಕಾಲುವೆ ನೀರು ಬಂದಾಗ

ತುಂಗಭದ್ರಾ ಜಲಾಶಯದ ನೀರು 1953ರಿಂದ ಹೊಲಗಳಿಗೆ ಹರಿಯಿತು. ಯೋಜನೆ ಹಾಕಿದವರ ಲೆಕ್ಕದಲ್ಲಿ ಎಡದಂಡೆಯ ಬಹುಪಾಲು ನೆಲ ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗಳಿಗೆ ಮೀಸಲು. ಆದರೆ ಕಾಲುವೆಯ ಮೇಲ್ತಲೆಯಲ್ಲಿ ಭತ್ತ ಹಬ್ಬಿತು. ಬಸಿಯದ ಎರೆಯಲ್ಲಿ ತಿಂಗಳುಗಟ್ಟಲೆ ನೀರು ನಿಲ್ಲಿಸಿದಾಗ ಅಂತರ್ಜಲ ಮೇಲೇರಿತು, ಅದರ ಜೊತೆ ಅಡಿಯ ಉಪ್ಪೂ ಮೇಲೆ ಬಂತು. ಮೇಲಿನವರ ಭತ್ತದ ನೀರು ಕೆಳಗಿನವರ ಹೊಲವನ್ನು ಸವುಳು ಮಾಡಿತು, ಕಾಲುವೆಯ ಕೊನೆಯವರಿಗೆ ನೀರೇ ಮುಟ್ಟಲಿಲ್ಲ. ಮಲಪ್ರಭಾ, ಕೃಷ್ಣಾ ಅಚ್ಚುಕಟ್ಟುಗಳ ತಗ್ಗು ಹೊಲಗಳಲ್ಲಿಯೂ ಇದೇ ಕಥೆ ನಡೆದಿದೆ.

ಜನವರಿಯ ಬೆಳಗಿನಲ್ಲಿ ನೆಲದ ಮೇಲೆ ಬಿಳಿ ಪುಡಿ ಕಂಡರೆ ಅದು ಉಪ್ಪು. ಅದಕ್ಕೆ ಮದ್ದು ಬಸಿಗಾಲುವೆ, ಆಮೇಲೆ ಒಳ್ಳೆಯ ನೀರಿನಿಂದ ತೊಳೆಯುವುದು. ನೆಲ ಎಣ್ಣೆ ಸುರಿದಂತೆ ಕಪ್ಪಾಗಿ, ನೀರು ಇಂಗದೆ ನಿಂತರೆ ಅದು ಸೋಡಿಯಂ ತೊಂದರೆ, ಅದಕ್ಕೆ ಜಿಪ್ಸಂ ಬೇಕು. ಎರಡಕ್ಕೂ ಒಂದೇ ಔಷಧಿ ಎಂದು ಅಂಗಡಿಯವರು ಹೇಳಿದ್ದನ್ನು ನಂಬಿ ಜಿಪ್ಸಂ ತಂದು ಸುರಿಯಬೇಡಿ. ಬಸಿಯುವ ದಾರಿಯೇ ಇಲ್ಲದ ಹೊಲಕ್ಕೆ ಯಾವ ಮದ್ದೂ ಹತ್ತುವುದಿಲ್ಲ.

ಎರೆಯ ಮೇಲೆ ಮನೆ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವಷ್ಟರಲ್ಲಿ ಕರಿ ನೆಲ ಮುಗಿದು ಕೆಂಪು ಶುರುವಾಗುತ್ತದೆ. ಧಾರವಾಡದಲ್ಲಿ ಸಾಕಾಗುವ ಬುನಾದಿ ಹುಬ್ಬಳ್ಳಿಯ ಎರೆಯಲ್ಲಿ ಸಾಲದು. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವ ನೆಲದ ಮೇಲೆ ಕಡಿಮೆ ಆಳದ ಬುನಾದಿ ಹಾಕಿದರೆ ಗೋಡೆಯಲ್ಲಿ ಓರೆ ಬಿರುಕು ಬರುತ್ತದೆ, ಬಾಗಿಲು ಚೌಕಟ್ಟಿಗೆ ಕೂರುವುದಿಲ್ಲ, ನೆಲಹಾಸು ನಡುವೆ ಉಬ್ಬುತ್ತದೆ. ಒಂದೆರಡು ಅಂತಸ್ತಿನ ಹಗುರ ಮನೆಗಳಿಗೇ ಈ ಕಾಟ ಹೆಚ್ಚು, ಏಕೆಂದರೆ ಉಬ್ಬುವ ಮಣ್ಣನ್ನು ಒತ್ತಿ ಹಿಡಿಯುವಷ್ಟು ಭಾರ ಅವಕ್ಕಿಲ್ಲ.

ಸೈಟು ಕೊಂಡವರು ಮೊದಲು ಮಣ್ಣಿನ ಉಬ್ಬುವ ಗುಣವನ್ನು ಪರೀಕ್ಷೆ ಮಾಡಿಸಬೇಕು. ಒಣಗಿಸಿ ಜರಡಿ ಹಿಡಿದ 10 ಗ್ರಾಂ ಮಣ್ಣನ್ನು ಒಂದು ಅಳತೆ ಕೊಳವೆಯ ನೀರಿಗೆ, ಇನ್ನೊಂದು 10 ಗ್ರಾಂ ಅನ್ನು ಸೀಮೆಎಣ್ಣೆಗೆ ಹಾಕಿ 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನಲ್ಲಿಯ ಮಣ್ಣು ಅದಕ್ಕಿಂತ ಶೇ 50ಕ್ಕೂ ಹೆಚ್ಚು ಉಬ್ಬಿದ್ದರೆ ಸಾಮಾನ್ಯ ಬುನಾದಿಯ ಯೋಚನೆ ಬಿಡಬೇಕು. ಗರಸು ಹತ್ತಿರದಲ್ಲೇ ಸಿಗುವುದಾದರೆ ಎರೆಯನ್ನು ಪೂರ್ತಿ ತೆಗೆದು ಗರಸಿನ ಮೇಲೆ ಬುನಾದಿ ಕೂರಿಸುವುದು ಎಲ್ಲಕ್ಕಿಂತ ಒಳ್ಳೆಯದು. ಎರೆ ಬಹಳ ಆಳವಿದ್ದರೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬಳಕೆಗೆ ತಂದ, ಬುಡದಲ್ಲಿ ಗುಂಡಾಗಿ ಅಗಲಿಸಿದ ಕಾಂಕ್ರೀಟ್ ಕಂಬಗಳನ್ನು ಸುಮಾರು 3.5 ಮೀಟರ್ ಆಳಕ್ಕೆ ಇಳಿಸುತ್ತಾರೆ. ಆ ಆಳದಲ್ಲಿ ಋತುವಿನಿಂದ ಋತುವಿಗೆ ಹಸಿ ಹೆಚ್ಚು ಬದಲಾಗುವುದಿಲ್ಲ. ಮುಂಬೈ ಐಐಟಿಯ ಪ್ರೊ. ಆರ್.ಕೆ. ಕಟ್ಟಿ ತೋರಿಸಿದ ದಾರಿ ಇನ್ನೊಂದು: ಉಬ್ಬುವ ಎರೆಯ ಮೇಲೆ, ಅಂಟುಗುಣವಿದ್ದೂ ಉಬ್ಬದ ಮಣ್ಣಿನ ದಪ್ಪ ಪದರವನ್ನು ಒತ್ತಿ ಕೂರಿಸುವುದು. ಮಲಪ್ರಭಾ ಕಾಲುವೆಗಳ ಕೆಲಸದಲ್ಲಿ ಈ ಕ್ರಮ ಬಳಕೆಯಾಯಿತು.

ಮನೆ ಕಟ್ಟಿದ ಮೇಲೂ ಮಣ್ಣಿನ ಹಸಿ ಏರುಪೇರಾಗದಂತೆ ಕಾಯಬೇಕು. ಸುತ್ತ ನಾಲ್ಕೈದು ಅಡಿ ಅಗಲದ, ಹೊರಗಿಳಿಜಾರಿನ ಕಟ್ಟೆ ಹಾಕಿಸಿ. ಮಾಳಿಗೆಯ ನೀರು ಬುನಾದಿಯ ಪಕ್ಕ ಬೀಳದಿರಲಿ. ನಲ್ಲಿ, ಚರಂಡಿಯ ಸೋರಿಕೆಯನ್ನು ಕಂಡ ದಿನವೇ ರಿಪೇರಿ ಮಾಡಿಸಿ. ಗೋಡೆಗೆ ಹತ್ತಿರ ದೊಡ್ಡ ಮರ ಬೇಡ, ಅದರ ಬೇರು ಒಂದೇ ಕಡೆಯ ನೀರು ಹೀರಿ ಆ ಮೂಲೆಯನ್ನು ಕುಗ್ಗಿಸುತ್ತದೆ.

ಮಣ್ಣು ಪರೀಕ್ಷೆಗೆ ಮಾದರಿ ತೆಗೆಯಲು ಏಪ್ರಿಲ್, ಮೇ ಸರಿಯಾದ ಕಾಲ. ಬದುವಿನ ಅಂಚು, ಮರದ ನೆರಳು, ತಿಪ್ಪೆ ಇದ್ದ ಜಾಗ ಬಿಟ್ಟು, ಹೊಲದಲ್ಲಿ ಅಂಕುಡೊಂಕಾಗಿ ನಡೆಯುತ್ತ ಹತ್ತಾರು ಕಡೆ ಗೇಣು ಆಳದ ತನಕ ಮಣ್ಣು ತೆಗೆಯಿರಿ. ಎಲ್ಲವನ್ನೂ ಕಲಸಿ ಅರ್ಧ ಕಿಲೋ ಉಳಿಸಿ ನೆರಳಲ್ಲಿ ಆರಿಸಿ. ಮಡ್ಡಿಯದನ್ನೂ ತಗ್ಗಿನದನ್ನೂ ಬೆರೆಸದೆ ಬೇರೆ ಬೇರೆ ಚೀಲಕ್ಕೆ ಹಾಕಿ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಕೊಡಿ. ನೀರಾವರಿ ಹೊಲದವರು ಎರಡಡಿ ಆಳದ ಮಾದರಿಯನ್ನೂ ಪ್ರತ್ಯೇಕವಾಗಿ ಕೊಡಬೇಕು, ಏಕೆಂದರೆ ಉಪ್ಪು ಮೊದಲು ಕೂಡುವುದು ಕೆಳಗೆ.